ಎಮ್ಮಿಕಲ್ಲಿನಿಂದ ಹನ್ನೆರಡು ಮಾರು

ಇವತ್ತು ಭಾನುವಾರ. ಬೆಳಿಗ್ಗೆ ನಳ ಬಂತು. ಒಂದು ದೊಡ್ಡ ಪಿಂಪು, ಆರು ಕೊಡ ನೀರು ತುಂಬಿದೆ. ಹಾಲು ಕಾಸಿದೆ, ಉಕ್ಕಿಸಿದೆ, ಒಲೆ ಒರೆಸಿದೆ. ಹನ್ನೊಂದು ರೊಟ್ಟಿ ಬಡಿದೆ. ಹನ್ನೆರಡನೆಯದು ಹರಿಯಿತು, ಅದನ್ನು ನಿಂತಲ್ಲೇ ತಿಂದು ಮುಗಿಸಿದೆ. ಬನಹಟ್ಟಿಯ ನಾದಿನಿ ಕಳಿಸಿದ ಸೀರೆಗೆ ಫಾಲ್ ಹಚ್ಚಿದೆ. ಶೇಂಗಾ ಹುರಿದು ಸಿಪ್ಪೆ ತೂರಿದೆ. ಗಾಳಿ ತಿರುಗಿ ಅರ್ಧ ಸಿಪ್ಪೆ ಒಳಗೇ ಬಂತು, ಮತ್ತೆ ಕಸ ಹೊಡೆದೆ. ಕರಿಬೇವಿನ ಗಿಡಕ್ಕೆ ಹುಳಿಮಜ್ಜಿಗೆ ಹಾಕಿದೆ. ಯಜಮಾನರು ಕನ್ನಡಕ ಹುಡುಕಿದರು, ಕೊಟ್ಟೆ. ಊಟವಾದ ಮೇಲೆ ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕುಳಿತೆ. ಹದಿನಾಲ್ಕು ತಿದ್ದುವವರೆಗೆ ಎಲ್ಲ ಸುರಳೀತ ನಡೆಯಿತು.

ಹದಿನೈದನೆಯದು ತೇರದಾಳದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿಯದು. ನದಿಯ ಕಾರ್ಯಗಳನ್ನು ವಿವರಿಸಿರಿ ಎಂದು ಕೇಳಿದ್ದೆ. ಸವೆತ, ಸಾಗಣೆ, ಸಂಚಯನ ಎಂದು ಮೂರು ಬರೆದರೆ ಮುಗಿಯಿತು. ಆಕೆ ಮೊದಲಿನ ಎರಡನ್ನು ಪುಸ್ತಕದಂತೆ ಬರೆದು, ಮೂರನೆಯದಕ್ಕೆ "ಕೊನೆಗೆ ನದಿಯು ಮಣ್ಣನ್ನು ನಮಗೆ ಕೊಡುತ್ತದೆ" ಎಂದು ಬರೆದಿದ್ದಳು. ಕೆಂಪು ಪೆನ್ನು ತನ್ನಷ್ಟಕ್ಕೆ ತಾನೇ "ಕೊಡುತ್ತದೆ"ಯ ಅಡಿಗೆ ಗೆರೆ ಎಳೆಯಿತು. ಗೆರೆ ಎಳೆದ ಮೇಲೆ ನನಗೆ ಮುಂದೆ ಹೋಗಲು ಆಗಲಿಲ್ಲ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಭೂಗೋಳ ಕಲಿಸುತ್ತಿದ್ದೇನೆ. ಕಲಿಸಿದ್ದರಲ್ಲಿ ನೋಡಿದ್ದೆಷ್ಟು ಎಂದು ಮಾತ್ರ ಕೇಳಬೇಡಿ. ಹಿಮನದಿಯ ಪಾಠ ಬರುವುದು ಪ್ರತಿ ವರ್ಷ ಜಮಖಂಡಿಯಲ್ಲಿ ಫ್ಯಾನಿನ ಗಾಳಿಯೂ ಬಿಸಿಯಾಗುವ ಹೊತ್ತಿಗೆ. ಒಮ್ಮೆ ಹುಡುಗಿಯೊಬ್ಬಳು, "ಟೀಚರ್, ನೀವು ನೋಡೀರೇನ್ರಿ ಹಿಮನದಿ?" ಎಂದಳು. ನನಗೆ ಛಲ ಬಂತು. ಮರುದಿನ ಸೋಡಾ ಅಂಗಡಿಯಿಂದ ಒಂದು ಮಂಜುಗಡ್ಡೆ ತರಿಸಿ, ಅದರ ಮೈಗೆ ಹರಳು ಒತ್ತಿ, ಓರೆ ಮಾಡಿದ ಬೆಂಚಿನ ಮೇಲಿಟ್ಟೆ. ಗಡ್ಡೆ ಇಷ್ಟಿಷ್ಟೇ ಜಾರಿತು, ಕರಗಿತು, ಹರಳುಗಳನ್ನು ಬೆಂಚಿನ ತುದಿಯಲ್ಲಿ ಸಾಲಾಗಿ ಬಿಟ್ಟುಹೋಯಿತು. ಸಾವಿರಾರು ವರ್ಷದ ಕೆಲಸ ಅರ್ಧ ಪೀರಿಯಡ್ಡಿನಲ್ಲಿ ಆಯಿತು. ನಾನು ಹಿಗ್ಗಿ ತಿರುಗುವಷ್ಟರಲ್ಲಿ ಹೆಡ್‌ಮಾಸ್ತರರು ಆ ನೀರಿನಲ್ಲಿ ಕಾಲಿಟ್ಟು, ಬಾಗಿಲ ಚೌಕಟ್ಟು ಹಿಡಿದು ಉಳಿದುಕೊಂಡರು.

ಸಮುದ್ರವನ್ನು ಒಮ್ಮೆ ನೋಡಿದ್ದೇನೆ, ಶಾಲೆಯ ಪ್ರವಾಸದಲ್ಲಿ. ತೆರೆಯೊಂದು ಬಂದು ಕಾಲಡಿಯ ಉಸುಕು ಕೆರೆದು, ಎಡಗಾಲ ಚಪ್ಪಲಿ ಎಳೆದೊಯ್ದು, ಸುಮಾರು ದೂರದಲ್ಲಿ ಮತ್ತೊಬ್ಬರ ಊಟದ ಡಬ್ಬಿಯ ಪಕ್ಕ ಅದನ್ನು ಇಟ್ಟಿತು. ಸವೆತ, ಸಾಗಣೆ, ಸಂಚಯನ. ಮಕ್ಕಳಿಗೆ ಅಷ್ಟು ಚೆನ್ನಾಗಿ ನಾನು ಎಂದೂ ಕಲಿಸಿಲ್ಲ.

ಹೊಳೆ ಮಾತ್ರ ನನ್ನದೇ. ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲೆ ನನ್ನ ತವರೂರು ಇತ್ತು. ನಮ್ಮ ಅಪ್ಪ ಈರಪ್ಪ ಮತ್ತು ನಮ್ಮ ಓಣಿಯವನೇ ಆದ ರುದ್ರಪ್ಪ ಕಾಕಾ, ಇಬ್ಬರಿಗೂ ಮೇಲೆ ಹೊಲ ಇದ್ದವು. ಆದರೆ ಅವರ ಜೀವ ಇದ್ದದ್ದು ಕೆಳಗೆ, ಹೊಳೆ ಇಳಿದ ಮೇಲೆ ತೆರೆಯುವ, ಅದು ತಂದು ಹಾಕಿದ ಗೋಡುಮಣ್ಣಿನ ಪಟ್ಟಿಯಲ್ಲಿ. ದೀಪಾವಳಿ ದಾಟಿತೆಂದರೆ ನೀರು ಹಿಂದೆ ಸರಿಯುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಮಣ್ಣು ಮೇಲೆ ಒಣಗಿ, ಒಳಗೆ ಹಸಿಯಾಗಿ, ಬೆರಳು ಊರಿದರೆ ಗೇಣು ಇಳಿಯುವಂತೆ ಇರುತ್ತಿತ್ತು. ಅದರಲ್ಲಿ ಸವತಿ ಬೀಜ ಊರುತ್ತಿದ್ದರು. ನೀರು ಹಾಯಿಸುವ ಮಾತೇ ಇಲ್ಲ. ಆ ಸವತಿಕಾಯಿ ಕಡಿದರೆ ಸದ್ದು ಪಡಸಾಲೆಗೆ ಕೇಳುತ್ತಿತ್ತು ಎಂದರೆ ನೀವು ನಂಬುವುದಿಲ್ಲ, ಬಿಡಿ.

ದಂಡೆಯಲ್ಲಿ ಒಂದು ಕರಿಯ ಬಂಡೆ ಇತ್ತು. ಮಲಗಿದ ಎಮ್ಮೆಯ ಬೆನ್ನಿನಷ್ಟು ಮಾತ್ರ ನೆಲದ ಮೇಲೆ ಕಾಣುತ್ತಿದ್ದುದರಿಂದ ಅದು ಎಮ್ಮಿಕಲ್ಲು. ಅದರಿಂದ ಮೇಲುಹೊಳೆಯ ಕಡೆಗೆ ಹನ್ನೆರಡು ಮಾರು ನಮ್ಮದು, ಕೆಳಹೊಳೆಯ ಕಡೆಗೆ ಹನ್ನೆರಡು ಮಾರು ಕಾಕಾನದು. ತೋಳು ಚಾಚಿದರೆ ಒಂದು ಮಾರು. ಕಾಕಾನ ತೋಳು ಉದ್ದ, ಆಳು ಮುಧೋಳದ ನಾಯಿಯ ಹಾಗೆ ತೆಳ್ಳಗೆ ಉದ್ದಕ್ಕೆ ಇದ್ದ, ಅಪ್ಪ ಗಿಡ್ಡ. ಅದಕ್ಕೇ ಜಗಳ ಬೇಡವೆಂದು ಅವರ ಅಪ್ಪಂದಿರ ಕಾಲದಲ್ಲೇ ಮಾರಿಗೊಂದು ಗಂಟು ಹಾಕಿದ ಹಗ್ಗ ಮಾಡಿಟ್ಟಿದ್ದರು. ಆ ಹಗ್ಗದಿಂದ ಬಾವಿಯ ನೀರು ಸೇದುವಂತಿಲ್ಲ, ದನ ಕಟ್ಟುವಂತಿಲ್ಲ. ವರ್ಷಕ್ಕೊಮ್ಮೆ ಗೂಟದಿಂದ ಇಳಿಸಿ, ಕಲ್ಲಿಗೆ ಕಾಯಿ ಒಡೆದು, ದಂಡೆಗುಂಟ ಎಳೆದು ಮೇರೆ ಗುರುತಿಸುವುದು. ಹಗ್ಗದ ತುದಿ ಹಿಡಿಯುವ ಕೆಲಸ ಚಿಕ್ಕಂದಿನಲ್ಲಿ ನನ್ನದು. ನನ್ನಷ್ಟು ಮುಖ್ಯವಾದ ಮನುಷ್ಯಳು ಊರಲ್ಲಿ ಇನ್ನೊಬ್ಬಳಿಲ್ಲ ಎಂದು ತಿಳಿದಿದ್ದೆ.

ಮೇರೆ ಕಾಯಂ, ಮೇರೆಯ ಒಳಗಿನ ನೆಲ ಮಾತ್ರ ಪ್ರತಿ ವರ್ಷ ಬೇರೆ. ಒಂದು ವರ್ಷ ನಮ್ಮ ಕಡೆ ಮೊಣಕಾಲುದ್ದ ಹೊಸ ಮಣ್ಣು, ಕಾಕಾನ ಕಡೆ ಬರೀ ಹರಳು. ಮತ್ತೊಂದು ವರ್ಷ ತಿರುಗಾಮುರುಗಾ. ಯಾರಿಗೆ ಎಷ್ಟು ಬಂತೋ ಅಷ್ಟೇ. "ಹೊಳಿ ಕೊಟ್ಟಿದ್ದು" ಎಂದು ಇಬ್ಬರೂ ತಲೆಗೆ ಟವೆಲ್ಲು ಸುತ್ತಿಕೊಂಡು ಮನೆಗೆ ಬರುತ್ತಿದ್ದರು. ನಮ್ಮದು ಪೂರಾ ಕೊರೆದುಹೋದ ಒಂದು ವರ್ಷ ಕಾಕಾನ ಮನೆಯಿಂದ ದಿನಾ ಒಂದು ಬುಟ್ಟಿ ಸವತಿಕಾಯಿ ಬರುತ್ತಿತ್ತು. ನಾನು, "ಅಪ್ಪಾ, ಕಾಯಿ ಯಾಕ? ಕಾಕಾಗ ಒಂದ್ ನಾಕ್ ಮಾರು ನೆಲಾನ ಕೇಳಲ್ಲ" ಎಂದೆ. ಅಪ್ಪ ಬೈದದ್ದು ಕಡಿಮೆ, ಅವತ್ತು ಬೈದ. "ಕಾಯಿ ಇಸ್ಕೋಬೌದು, ನೆಲಾ ಇಸ್ಕೋಬಾರದು. ಹೊಳಿ ಮಾಡಿದ ಪಾಲಿನಾಗ ನಾವು ಕೈ ಹಾಕೂದಿಲ್ಲ."

ಆಮೇಲೆ ಆಲಮಟ್ಟಿ ಅಣೆಕಟ್ಟಿನ ನೀರು ಹಿಂದಕ್ಕೆ ಬಂತು. ಬಾಗಿಲು, ತೊಲೆ, ಬೀಸುಕಲ್ಲು, ಹಗ್ಗದ ಗೂಟ ಸಹಿತ ಊರು ಲಾರಿ ಏರಿ ಮೇಲೆ ಮಡ್ಡಿಯ ಮೇಲಿನ ಹೊಸ ಪ್ಲಾಟುಗಳಿಗೆ ಹೋಯಿತು. ನಾನು ಆಗಲೇ ಜಮಖಂಡಿಯ ಸೊಸೆ, ಶಾಲೆಯ ಟೀಚರು. ಮೊದಲ ದೀಪಾವಳಿ ಮುಗಿದ ಎಂಟನೆಯ ದಿನ ಅಪ್ಪ ನೀರು ಇಳಿಯಿತೇನು ನೋಡಲು ಹೋದ. ಇಳಿದಿರಲಿಲ್ಲ. "ಈ ವರ್ಸ ಹೊಳಿ ತಡಾ ಮಾಡೈತಿ" ಎಂದು ಬಂದ. ಮತ್ತೆ ಎಂಟು ದಿನ ಬಿಟ್ಟು ಹೋದ. ಸಂಕ್ರಾಂತಿಗೂ ಹೋದ. ಮಹಾಪೂರದ ನೀರು ಬಂದಷ್ಟೇ ಜೋರಾಗಿ ಹೋಗುವುದನ್ನು ಜೀವಮಾನವೆಲ್ಲ ನೋಡಿದವನು ಅವನು. ನೀರು ಬಂದು ಕುಳಿತೇಬಿಡುತ್ತದೆ ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ. ಬೇಸಿಗೆಯಲ್ಲಿ ನೀರು ಸರಿಯಿತು, ಖರೆ, ಆದರೆ ನಮ್ಮ ಪಟ್ಟಿ ತೆರೆಯುವ ಮುಂಚೆ ಮಳೆ ಹಿಡಿಯಿತು. ಆ ವರ್ಷ ಬೀಜ ಊರಲಿಲ್ಲ.

ಅವ್ವ ಆ ಸವತಿ ಬೀಜವನ್ನು ಬೂದಿಯಲ್ಲಿ ಕಲಸಿ ಒಂದು ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಹೊಸ ಪ್ಲಾಟಿನ ಹಿತ್ತಿಲಲ್ಲಿ ಒಂದು ಹಿಡಿ ಹಾಕಿ ನೋಡಿದಳು. ಹರಳು ತುಂಬಿದ ಗರಸು ನೆಲದಲ್ಲಿ ಹೆಬ್ಬೆರಳಿನಷ್ಟು ಕಾಯಿ ಆದವು, ಕಹಿ ವಿಷ. ಡಬ್ಬಿಯಲ್ಲಿ ಇನ್ನು ಒಂದೂವರೆ ಹಿಡಿ ಉಳಿಯಿತು. "ಮೂರನೇ ವರ್ಸಕ್ಕ ಬೀಜದಾಗ ಜೀವ ಇರೂದಿಲ್ಲ. ಹಾಕಿದ್ರ ಬರೂ ವರ್ಸ ಹಾಕಬೇಕು, ಇಲ್ಲಂದ್ರ ಇದರ ವಂಶ ಮುಗೀತು" ಎಂದಳು. ಅಪ್ಪ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಒತ್ತಿ ನೋಡಿದ. ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಬರುವ ಬೇಸಿಗೆಯಲ್ಲಿ ಆ ಒಂದೂವರೆ ಹಿಡಿ ಬೀಜ ಊರುವಷ್ಟು ಹೊಳೆಯ ಮಣ್ಣು.

ಮುಂದಿನ ವರ್ಷ ಶಿವರಾತ್ರಿ ಆದ ವಾರದಲ್ಲಿ ರುದ್ರಪ್ಪ ಕಾಕಾ ಬಸ್ಸು ಹತ್ತಿ ಜಮಖಂಡಿಗೆ, ನೆಟ್ಟಗೆ ನನ್ನ ಶಾಲೆಗೇ ಬಂದ. ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು, "ಅಕ್ಕೋರ, ದಂಡಿ ತೆರದೈತಿ! ರವಿವಾರ ಹಗ್ಗಾ ಹಾಕೂನು, ಬಾ" ಎಂದ. ನನಗೆ ಮೂವತ್ತು ದಾಟಿತ್ತು, ಒಂದು ಮಗು ಇತ್ತು. ಆದರೂ ಹಗ್ಗದ ತುದಿ ಎಂದ ಕೂಡಲೇ ಹೊರಟೆ.

ಹೋಗಿ ನೋಡಿದರೆ ಎಲ್ಲ ಬೇರೆ. ದಂಡೆಯ ಏರಿಳಿತಗಳಿಲ್ಲ, ಹರಳಿನ ದಿಬ್ಬಗಳಿಲ್ಲ. ಹಾಸಿಗೆ ಹಾಸಿದಂತೆ ಒಂದೇ ಸಮ ಬೂದುಮಣ್ಣು, ಮೇಲೆ ಆಮೆಯ ಬೆನ್ನಿನಂತೆ ಬಿರುಕು. ಎಮ್ಮಿಕಲ್ಲು ಇಲ್ಲ. ಎರಡು ವರ್ಷದ ಗೋಡು ಅದನ್ನು ನುಂಗಿತ್ತು. ಕಲ್ಲಿಲ್ಲದೆ ಹಗ್ಗ ಎಲ್ಲಿಂದ ಹಿಡಿಯುವುದು?

"ಇಲ್ಲೇ ಐತಿ" ಎಂದು ಅಪ್ಪ ಒಂದು ಕಡೆ ಹಾರೆ ಊರಿದ.

"ಅಲ್ಲೆಲ್ಲಿ ಐತಿ? ಇಲ್ಲೈತಿ" ಎಂದು ಕಾಕಾ ಮೇಲುಹೊಳೆಯ ಕಡೆಗೆ ಆರೇಳು ಹೆಜ್ಜೆ ನಡೆದು ತನ್ನ ಹಾರೆ ಊರಿದ.

"ಲೇ ರುದ್ರ್ಯಾ, ಮೂವತ್ತ್ ವರ್ಸ ಅದರ ಮ್ಯಾಲ ಕುಂತ ಬೀಡಿ ಸೇದೀನಿ. ನನಗ ಹೇಳಾಕ ಬರ್ತೀಯೇನು?"

"ಬೀಡಿ ಸೇದಾಕ ಕುಂತಾವ ಕಣ್ಣ ಮುಚ್ಚಿಕೊಂಡ ಕುಂತಿರತಿ ಈರಣ್ಣ. ನಾ ಅದರ ಮ್ಯಾಲಿಂದ ಈಸ ಬಿದ್ದೀನಿ, ಎಷ್ಟ ಸಲಾ!"

ಹಾರೆಗಳು ಎರಡೂ ಕಡೆ ಸುಮ್ಮನೆ ಇಳಿದವು, ಬೆಣ್ಣೆಗೆ ಇಳಿದಂತೆ. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಮೇಲುಹೊಳೆಯ ಕಡೆ ಒಂದು ತಗ್ಗು, ಅಲ್ಲಿ ನೀರು ಇನ್ನೂ ನಿಂತಿತ್ತು. ಕಲ್ಲು ಅಪ್ಪ ಹೇಳಿದಲ್ಲಿ ಇದ್ದರೆ ನಮ್ಮ ಪಾಲಿನ ಮುಕ್ಕಾಲು ಭಾಗ ಒಣನೆಲ. ಕಾಕಾ ಹೇಳಿದಲ್ಲಿ ಇದ್ದರೆ ಅರ್ಧ ನೀರು. ಇನ್ನೂ ಆಚೆಗಿದ್ದರೆ ನಮಗೆ ಉಳಿಯುವುದು ಮೀನು.

ಇಬ್ಬರೂ ನನ್ನ ಕಡೆ ತಿರುಗಿದರು. "ಅಕ್ಕೋರು ಭೂಗೋಳ ಕಲಸ್ತಾರ. ಅವ್ರನ್ನ ಕೇಳೂನು" ಎಂದ ಕಾಕಾ. ಇಂಥ ಗಳಿಗೆಗಾಗಿಯೇ ನಾನು ಬಿ.ಎಡ್. ಮಾಡಿದ್ದೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹೊಳೆಯ ತಿರುವನ್ನು ಕೈಯಿಂದ ತೋರಿಸುತ್ತ, ನದಿ ತಿರುವಿನ ಹೊರಮೈಯನ್ನು ಕೊರೆಯುತ್ತದೆ, ಒಳಮೈಗೆ ಮಣ್ಣು ಹಾಕುತ್ತದೆ, ಜೋರು ಪ್ರವಾಹದಲ್ಲಿ ಬಂಡೆಗಳನ್ನೂ ಉರುಳಿಸುತ್ತದೆ, ಆದ್ದರಿಂದ ಎಮ್ಮಿಕಲ್ಲು ಕೆಳಹೊಳೆಯ ಕಡೆಗೆ ಸರಿದಿರುವ ಸಾಧ್ಯತೆ ಇದೆ ಎಂದು ವಿವರಿಸಿದೆ.

ಕಾಕಾ ಬಾಯಿ ತೆರೆದು ಕೇಳಿದ. "ಅಂದ್ರ, ಕಲ್ಲ ಎದ್ದ ನಡದೈತಿ ಅಂತೀ?"

"ಸರಿದಿರಬೌದು ಕಾಕಾ."

"ಮೇಯಾಕ ಹೋಗಿರಬೇಕ ತಗೋ. ಎಮ್ಮಿ ಅಲ್ಲ? ಸಂಜಿಗೆ ಹಿಂಡೂ ಹೊತ್ತಿಗೆ ಬರತೈತಿ."

ಅಪ್ಪನೂ ನಕ್ಕ. ಆದರೂ ಮಗಳು ಓದಿದವಳು ಎಂಬ ಮರ್ಯಾದೆಗೆ ನಾನು ತೋರಿಸಿದಲ್ಲಿ ಮೊಣಕಾಲುದ್ದ ಅಗೆದರು. ಒಂದು ಒಡೆದ ಕೊಡದ ಕಂಠ, ಒಂದು ರಬ್ಬರಿನ ಚಪ್ಪಲಿ, ಆಮೇಲೆ ನೀರು ಒಸರಿತು. ಅಗೆದ ಮಣ್ಣಿನ ಗೋಡೆಯನ್ನು ನೋಡುತ್ತ ನಿಂತಾಗ ನನಗೆ ಹೊಳೆಯಿತು: ಹರಳಿಲ್ಲ, ಉಸುಕಿಲ್ಲ, ರೊಟ್ಟಿಯ ಹಿಟ್ಟಿನಷ್ಟು ನುಣ್ಣಗಿನ ಕೆಸರು, ಪದರದ ಮೇಲೆ ಪದರ. ಹರಿಯುವ ನೀರು ಹೀಗೆ ಹಾಕುವುದಿಲ್ಲ. ನಿಂತ ನೀರಿಗೆ ಒಳಮೈ ಹೊರಮೈ ಎಂದಿಲ್ಲ, ಇದ್ದದ್ದನ್ನು ಇದ್ದಲ್ಲೇ ಕೆಳಗೆ ಬಿಡುತ್ತದೆ. ನಾನು ಹೊಳೆಯ ಪಾಠವನ್ನು ಕೆರೆಗೆ ಒಪ್ಪಿಸಿದ್ದೆ.

ಅವ್ವ ಇಷ್ಟೊತ್ತು ಚಕ್ಕಡಿಯ ನೆರಳಲ್ಲಿ ಬುತ್ತಿ ಕಾಯುತ್ತ ಕುಳಿತಿದ್ದಳು. ಎದ್ದು ಬಂದಳು. "ನೀವು ಗಂಡಸ್ರು ಕಲ್ಲ ನಿಂತ ನೋಡೀರಿ. ನಾ ಬಗ್ಗಿ ನೋಡೀನಿ" ಎಂದಳು.

ಹೌದಲ್ಲ! ಅವ್ವ ಆ ಕಲ್ಲಿನ ಮೇಲೆ ಮೂವತ್ತು ವರ್ಷ ಬಟ್ಟೆ ಒಗೆದಿದ್ದಳು. ಕೆಸರಿನ ಮೇಲೆ ನಿಧಾನವಾಗಿ ನಡೆಯುತ್ತ, ಅಲ್ಲೊಮ್ಮೆ ಇಲ್ಲೊಮ್ಮೆ ಬಗ್ಗಿ, ಒಗೆಯುವವರಂತೆ ತಲೆ ಎತ್ತಿ ಆಚೆ ದಂಡೆಯನ್ನು ನೋಡಿದಳು. ಅಲ್ಲಿ ಗುಡ್ಡದ ಮೇಲೆ ಒಂಟಿ ಬನ್ನಿಗಿಡ, ಅದರ ಕೆಳಗೆ ಹಣಮಪ್ಪನ ಗುಡಿಯ ಶಿಖರ. "ಅರಿವಿ ಎತ್ತಿ ಬಡ್ಯಾಕ ಹೋದಾಗ ಗಿಡ ಶಿಖರದ ಮ್ಯಾಲ ಹೂವ ಮುಡದಂಗ ಕೂಡತಿತ್ತು" ಎಂದಳು. ಆಮೇಲೆ ಬಟ್ಟೆ ಹಿಂಡುವವರಂತೆ ಎಡಕ್ಕೆ ತಿರುಗಿದಳು. "ಹಿಂಡಾಕ ತಿರುಗಿದ್ರ ಜಾಕವೆಲ್ಲಿನ ಬಾಗಲಾ ಹುಣಸಿಗಿಡದ ಬುಡಕ್ಕ ಬರತಿತ್ತು." ಜಾಕವೆಲ್ ಎಂದರೆ ಆಚೆ ಮೇಲೆ ಇನ್ನೂ ನಿಂತಿದ್ದ ನೀರೆತ್ತುವ ಕಟ್ಟಡ. ಅವ್ವ ಎರಡು ಹೆಜ್ಜೆ ಸರಿದಳು, ಬಗ್ಗಿದಳು, ಒಪ್ಪಲಿಲ್ಲ. "ನೆಲಾ ಏರೈತಿ. ಇನ್ನಷ್ಟ ತಗ್ಗಬೇಕು" ಎಂದು ಕೆಸರಿನಲ್ಲಿ ಮೊಣಕಾಲೂರಿ ಕುಳಿತಳು. ಎದುರು ನೋಡಿದಳು, ಎಡಕ್ಕೆ ನೋಡಿದಳು. ಇದನ್ನೇ ನಾನು ತ್ರಿಕೋನ, ಕೋನ, ನೇರರೇಖೆ ಎಂದು ಕರಿಹಲಗೆಯ ಮೇಲೆ ಎರಡು ಪೀರಿಯಡ್ ಹೇಳುತ್ತೇನೆ.

ಅವ್ವ ಕುಳಿತದ್ದು ಕಾಕಾನ ಗುರುತಿಗಿಂತಲೂ ಮೇಲುಹೊಳೆಯ ಕಡೆಗೆ, ನೀರಿಗೆ ಹತ್ತಿರ. ನಾನು ಹತ್ತಿರ ಹೋಗಿ ಮೆಲ್ಲಗೆ, "ಯವ್ವಾ, ಇನ್ನೊಂದಿಷ್ಟ ಈಕಡೆ ಇರಬೌದೇನು, ನೋಡು" ಎಂದೆ. ಅವ್ವನಿಗೆ ನನ್ನ ಮಾತಿನ ಅರ್ಥ ಆಯಿತು. ನಾನು ಹೇಳುವ ಮುಂಚೆಯೇ ಅವಳಿಗೆ ಗೊತ್ತಿತ್ತು ಎಂದು ಕಾಣುತ್ತದೆ.

"ಕಲ್ಲ ಇದ್ದಲ್ಲೇ ಇರ್ತೈತಿ, ಮಾದೇವಿ" ಎಂದಳು. "ಹೊಡೀರಿ ಹಾರಿ."

ಅಪ್ಪನೇ ಹೊಡೆದ. ಮೊಣಕಾಲಿನಷ್ಟು ಇಳಿದ ಹಾರೆ ಟಣ್ಣೆಂದಿತು. ಪಕ್ಕಕ್ಕೆ ಹೊಡೆದ, ಟಣ್. ಇನ್ನೂ ಪಕ್ಕಕ್ಕೆ, ಟಣ್. ಎಮ್ಮೆ ಪೂರಾ ಮಲಗಿತ್ತು ಅಲ್ಲಿ.

ಕಾಕಾ ಕೈ ಮುಗಿದ. "ವೈನಿ, ನೀವ ಇಂಜಿನಿಯರ ಆಗಬೇಕಾಗಿತ್ರಿ."

"ಆಗಿದ್ರ ನಿಮ್ಮ ಅರಿವಿ ಯಾರ ಒಗೀತಿದ್ರು?" ಎಂದು ಅವ್ವ ಸೀರೆಗೆ ಅಂಟಿದ ಕೆಸರು ಜಾಡಿಸಿದಳು.

ಕಾಯಿ ಒಡೆದರು. ಹಗ್ಗ ಬಿಚ್ಚಿದರು. ನಾನು ತುದಿ ಹಿಡಿದು ಮೇಲುಹೊಳೆಯ ಕಡೆಗೆ ಹೊರಟೆ. ಒಂದನೆಯ ಗಂಟು, ಎರಡು, ಮೂರು. ನಾಲ್ಕನೆಯ ಗಂಟಿಗೆ ನನ್ನ ಪಾದ ನೀರಿನಲ್ಲಿತ್ತು. "ಸಾಕ, ಬಾ" ಎಂದ ಅಪ್ಪ. ಹನ್ನೆರಡು ಮಾರಿನಲ್ಲಿ ಮೂರು ಒಣನೆಲ, ಅದೂ ಅಂಚಿಗೆ ಜವುಗು; ಉಳಿದ ಒಂಬತ್ತು ನೀರು. ಕೆಳಹೊಳೆಯ ಕಡೆ ಕಾಕಾನ ಹನ್ನೆರಡೂ ಮಾರು ಬಿರುಕುಬಿಟ್ಟು, ಹದವಾಗಿ, ಬೀಜ ಬೇಡುತ್ತ ಬಿದ್ದಿತ್ತು.

ಅಪ್ಪ ಹಗ್ಗ ಸುತ್ತತೊಡಗಿದ. ತೋಳಿನಿಂದ ಮೊಣಕೈಗೆ, ಮೊಣಕೈಯಿಂದ ತೋಳಿಗೆ, ಒಂದೊಂದೇ ಸುತ್ತು. "ಹೊಳಿ ಕೊಟ್ಟಿದ್ದು" ಎಂದ. ದನಿ ಎಂದಿನದೇ. ಮುಂದುವರಿದು, "ರುದ್ರ್ಯಾ, ಬೀಜದ ಡಬ್ಬಿ ನೀ ಒಯ್ಯಿ. ನಿನ್ನ ಪಾಲಿನಾಗ ಊರು. ಬೀಜ ಉಳೀಲಿ" ಎಂದ. ಅವ್ವ ಬೇರೆ ಕಡೆ ನೋಡಿದಳು.

ಕಾಕಾ ಡಬ್ಬಿ ತೆಗೆದುಕೊಳ್ಳಲಿಲ್ಲ. ಎಮ್ಮಿಕಲ್ಲಿನ ಗುರುತಿಗೆ ಊರಿದ್ದ ಹಾರೆಯ ಪಕ್ಕ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಸುಣ್ಣ ಹುಡುಕಿ, ಸುಣ್ಣ ಸಿಕ್ಕ ಮೇಲೆ ಹೇಳಿದ.

"ಈರಣ್ಣ, ಇದು ಹೊಳಿ ಕೊಟ್ಟಿದ್ದಲ್ಲೋ. ಹೊಳಿ ಕೊಟ್ಟಿದ್ರ ನಾ ಚಕಾರ ಎತ್ತತಿದ್ದಿಲ್ಲ. ನಿನಗ ಒಂದ ವರ್ಸ ಇಲ್ಲಂದ್ರ ಮುಂದಿನ ವರ್ಸ ಕೊಡತಿತ್ತು ಅದು. ಇದು ಡ್ಯಾಮಿನ ನೀರು. ಯಾರೋ ಅಲ್ಲಿ ಗೇಟ ಇಳಸ್ತಾರ, ಇಲ್ಲಿ ನಿನ್ನ ಪಾಲು ಮುಳಗತೈತಿ, ಪ್ರತಿ ವರ್ಸ ನಿಂದ ಮುಳಗತೈತಿ. ಅದಕ್ಕೇನ ಗೊತ್ತು ನಮ್ಮ ರಿವಾಜ?"

"ರಿವಾಜ ರಿವಾಜನ."

"ಹೊಳಿ ಸಂಗಾಟ ಮಾಡಿಕೊಂಡ ರಿವಾಜ ಅದು. ಹೊಳಿನ ಇಲ್ಲ ಈಗ. ನಡಿ, ಬಿಚ್ಚು ಹಗ್ಗ. ನಿನ್ನ ಮೂರು, ನನ್ನ ಹನ್ನೆಲ್ಡು. ಹದಿನೈದಾತು. ನಟ್ಟನಡುವ ಮಡಚು."

ಅಪ್ಪ ಹಗ್ಗ ಹಿಡಿದುಕೊಂಡು ನಿಂತೇ ಇದ್ದ. ನೆಲ ಇಸ್ಕೋಬಾರದು ಎಂದು ನನಗೆ ಬೈದ ಬಾಯಿ ಅದು. ನಮ್ಮ ಜಮಖಂಡಿ ಕಡೆ ರೈತರೇ ಕೂಡಿ ದುಡಿದು ಕಟ್ಟಿದ ಒಡ್ಡನ್ನು ನಾನು ಮಕ್ಕಳಿಗೆ ತೋರಿಸಿಕೊಂಡು ಬಂದಿದ್ದೇನೆ; ಮನುಷ್ಯರು ಹೊಳೆಯ ದಾರಿ ಬದಲಿಸುವುದು ಸಣ್ಣ ಕೆಲಸವಲ್ಲ ಎಂದು ಭಾಷಣವನ್ನೂ ಮಾಡಿದ್ದೇನೆ. ಆದರೆ ಹೊಳೆ ಬದಲಾದ ಮೇಲೆ ಹಳೆಯ ಗಂಟುಗಳ ಹಗ್ಗವನ್ನು ಮತ್ತೊಂದು ಜಾಗದಿಂದ ಹಿಡಿಯಲು ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕು ಎಂಬುದನ್ನು ಅವತ್ತು ನೋಡಿದೆ. ಒಂದು ಎಲೆ ಅಡಿಕೆ ಅಗಿದು ಉಗುಳುವಷ್ಟು ಹೊತ್ತು ಬೇಕಾಯಿತು.

"ಹೊಟ್ಟಿ ಹಸದೈತಿ" ಎಂದಳು ಅವ್ವ. "ಅಳಿಯೂದಿದ್ರ ಈಗ ಅಳೀರಿ, ಇಲ್ಲಾ ಉಂಡ ಅಳೀರಿ."

ಅಪ್ಪ ಸುತ್ತಿದ ಹಗ್ಗವನ್ನು ಒಂದೊಂದೇ ಸುತ್ತು ಬಿಚ್ಚಿ, ತುದಿಯನ್ನು ನನ್ನ ಕೈಗೆ ಕೊಟ್ಟು, ನೀರಿನ ಅಂಚಿಗೆ ನಿಲ್ಲಿಸಿದ. ತಾನು ಕೆಳಹೊಳೆಯ ಕಡೆಗೆ ನಡೆದ. ಎಮ್ಮಿಕಲ್ಲು ದಾಟುವಾಗ ಒಂದು ಕ್ಷಣ ನಿಂತ, ದಾಟಿದ. ಏಳನೆಯ ಗಂಟಿನ ಮುಂದೆ ಅರ್ಧ ಮಾರು ಸರಿದು ಹಿಮ್ಮಡಿಯಿಂದ ಗೆರೆ ಎಳೆದ. ಕಾಕಾ ಆ ಗೆರೆಯ ಮೇಲೆ ಹಾರೆ ನೆಟ್ಟ.

ಆಮೇಲೆ ಉಂಡೆವು. ಜೋಳದ ರೊಟ್ಟಿ, ಜುಣಕ, ಶೇಂಗಾ ಹಿಂಡಿ, ಕೈಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ, ಗಡಿಗೆಯ ಮೊಸರು. ಕಾಕಾ ಐದು ರೊಟ್ಟಿ ತಿಂದು, ಟವೆಲ್ಲು ಮುಖಕ್ಕೆ ಹಾಕಿಕೊಂಡು ಚಕ್ಕಡಿಯ ಕೆಳಗೆ ಉರುಳಿದ. ಎಲ್ಲರಿಗಿಂತ ಮೊದಲು ಮಲಗಿದವನು ಅವನು, ಗೊರಕೆ ಹೊಳೆಯ ಆಚೆಗೂ ಕೇಳುವಂತಿತ್ತು. ಅವನ ನಂತರ ಕುಳಿತಲ್ಲೇ ಅವ್ವ, ಆಮೇಲೆ ಭೂಗೋಳದ ಅಕ್ಕೋರಾದ ನಾನು. ಅಪ್ಪ ಮಲಗಲಿಲ್ಲ. ಕಣ್ಣು ಕೂಡುವ ಮುಂಚೆ ನಾನು ಕೊನೆಗೆ ನೋಡಿದ್ದು, ಅವನು ಡಬ್ಬಿಯನ್ನು ಬಗಲಲ್ಲಿ ಹಿಡಿದು, ಗೆರೆಯ ಈಚೆಗೆ ಕುಕ್ಕರುಗಾಲಲ್ಲಿ ಕುಳಿತು, ಬೆರಳಿನಿಂದ ಮಣ್ಣಿನಲ್ಲಿ ಒಂದೊಂದೇ ಗುಣಿ ಮಾಡುತ್ತ ಹಿಂದಕ್ಕೆ ಸರಿಯುತ್ತಿದ್ದುದನ್ನು.